ಕಳ್ಳಲೆಕ್ಕದ ಮೊದಲ ಅಂಕಿ

1992ರ ಅಕ್ಟೋಬರ್ 9ರಂದು ಅಮೆರಿಕದ ಅರಿಜೋನಾ ರಾಜ್ಯದ ಖಜಾನೆಯಿಂದ ಎರಡು ಚೆಕ್ ಹೊರಟವು. ಒಂದು 1,927 ಡಾಲರಿನದು, ಇನ್ನೊಂದು 27,902 ಡಾಲರಿನದು. ಯಾರೂ ಏನೂ ಕೇಳಲಿಲ್ಲ. ಐದು ದಿನ ಬಿಟ್ಟು ನಾಲ್ಕು ಚೆಕ್: 86,241, 72,117, 81,321, 97,473. ಆಗಲೂ ಯಾರೂ ಕೇಳಲಿಲ್ಲ. ಮತ್ತೆ ಐದು ದಿನ ಬಿಟ್ಟು ಒಂದೇ ದಿನ 17 ಚೆಕ್. ಒಟ್ಟು 23 ಚೆಕ್, 18,78,687 ಡಾಲರ್. ಅಷ್ಟೂ ದುಡ್ಡು ಹೋದದ್ದು ಇಲ್ಲದ ವ್ಯಾಪಾರಿಯ ಹೆಸರಿಗೆ. ಕಳಿಸಿದವನು ಅದೇ ಕಚೇರಿಯ ಮ್ಯಾನೇಜರ್. ಸಿಕ್ಕಿಬಿದ್ದ ಮೇಲೆ ಆತ ಕೊಟ್ಟ ಸಮಜಾಯಿಷಿ ಏನು ಗೊತ್ತಾ? ಹೊಸ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಎಷ್ಟು ತೂತಿದೆ ಎಂದು ತೋರಿಸಲು ಹೀಗೆ ಮಾಡಿದೆ ಎಂದು! ಕೋರ್ಟು ನಂಬಲಿಲ್ಲ.

ಆತ ದಡ್ಡನಲ್ಲ. ಒಂದೇ ಮೊತ್ತವನ್ನು ಎರಡು ಸಲ ಬರೆದಿಲ್ಲ. 80,000, 90,000 ಎಂದು ದುಂಡಗೆ ಬರೆದಿಲ್ಲ. ಪ್ರತಿ ಚೆಕ್ಕಿನಲ್ಲೂ ಸೆಂಟು ಸೇರಿಸಿದ್ದಾನೆ, ನಿಜವಾದ ಬಿಲ್ಲಿನ ಹಾಗೆ ಕಾಣಲಿ ಎಂದು. ಒಂದು ಲಕ್ಷ ಡಾಲರ್ ಮುಟ್ಟಿದರೆ ಯಾರಾದರೂ ಕಣ್ಣು ಹಾಯಿಸಿಯಾರು ಎಂಬ ಭಯಕ್ಕೆ ಎಲ್ಲವನ್ನೂ ಅದರ ಕೆಳಗೇ ನಿಲ್ಲಿಸಿದ್ದಾನೆ. ಎಡವಿದ್ದು ಅಲ್ಲೇ. 23ರಲ್ಲಿ 21 ಚೆಕ್ಕು 7, 8 ಅಥವಾ 9ರಿಂದ ಶುರುವಾಗುತ್ತವೆ. ಇನ್ನೂ ಹತ್ತಿರದಿಂದ ನೋಡಿದರೆ 87, 88, 93, 96 ಎಂಬ ಶುರುಗಳು ಎರಡೆರಡು ಸಲ ಬಂದಿವೆ. ಸೆಂಟಿನ ಜಾಗದಲ್ಲಿ 16, 67, 83 ಕೂಡ ಎರಡೆರಡು ಸಲ. ಮನಸ್ಸಿಗೆ ಬಂದ ಹಾಗೆ ಬರೆಯುತ್ತಿದ್ದೇನೆ ಎಂದು ಆತ ಅಂದುಕೊಂಡಿರಬೇಕು. ಕೈ ಮಾತ್ರ ತನಗೆ ರೂಢಿಯಾದ ಅಂಕಿಗಳಿಗೇ ಮರಳಿ ಬರುತ್ತಿತ್ತು.

7, 8, 9 ಬಂದರೆ ಏನು ತಪ್ಪು? ಒಂಬತ್ತು ಅಂಕಿಗಳಿವೆ, ಎಲ್ಲಕ್ಕೂ ಸಮಪಾಲು ಸಿಗಬೇಕಲ್ವಾ?

ಸಿಗಲ್ಲ. ಇದನ್ನು ಮೊದಲು ಗಮನಿಸಿದ್ದು ಸೈಮನ್ ನ್ಯೂಕಂಬ್ ಎಂಬ ಖಗೋಳ ವಿಜ್ಞಾನಿ, 1881ರಲ್ಲಿ. ನಾವು ಪಿಯುಸಿ ಪ್ರಾಕ್ಟಿಕಲ್ಸಿಗೆ ಒಯ್ಯುತ್ತಿದ್ದೆವಲ್ಲ ಲಾಗ್ ಟೇಬಲ್, ಅಂಥದೇ ಪುಸ್ತಕದ ಮೊದಲ ಪುಟಗಳು ಕೊಳೆಯಾಗಿ ಸವೆದಿದ್ದವು, ಕೊನೆಯ ಪುಟಗಳು ಹೊಸದರಂತೆ ಇದ್ದವು. ಅಂದರೆ ಮೊದಲ ಪುಟಗಳಲ್ಲಿರುವ, 1ರಿಂದ ಶುರುವಾಗುವ ಸಂಖ್ಯೆಗಳನ್ನು ಜನ ಜಾಸ್ತಿ ಹುಡುಕುತ್ತಿದ್ದರು. 1938ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಭೌತವಿಜ್ಞಾನಿ ಫ್ರಾಂಕ್ ಬೆನ್‌ಫರ್ಡ್ ನದಿಗಳ ವಿಸ್ತಾರ, ಊರುಗಳ ಜನಸಂಖ್ಯೆ ಅಂತ ಸಿಕ್ಕಸಿಕ್ಕಲ್ಲಿಂದ 20,229 ಸಂಖ್ಯೆ ಒಟ್ಟುಮಾಡಿ ಎಣಿಸಿದರು. ಎಲ್ಲೆಡೆ ಹೆಚ್ಚುಕಡಿಮೆ ಅದೇ ಕಥೆ. ಅವರ ಹೆಸರೇ ಅಂಟಿಕೊಂಡ ‘ಬೆನ್‌ಫರ್ಡ್ ನಿಯಮ’ ಹೇಳುವ ಪ್ರಕಾರ ಶೇ. 30.1 ಸಂಖ್ಯೆಗಳು 1ರಿಂದ ಶುರುವಾಗುತ್ತವೆ, 2ರಿಂದ ಶೇ. 17.6, ಹಾಗೇ ಇಳಿಯುತ್ತಾ 9ರಿಂದ ಬರೀ ಶೇ. 4.6. ಆ ಮ್ಯಾನೇಜರನ ನೆಚ್ಚಿನ 7, 8, 9 ಮೂರೂ ಸೇರಿದರೆ ಶೇ. 15.5 ಆಗಬೇಕು. ಆತನ ಪಟ್ಟಿಯಲ್ಲಿ ಶೇ. 91.

ಯಾಕೆ ಹೀಗೆ ಎಂಬುದಕ್ಕೆ ಬ್ಯಾಂಕಿನ ಠೇವಣಿಯೇ ಸಾಕು. ಒಂದು ಲಕ್ಷವನ್ನು ಶೇ. 7ರ ಚಕ್ರಬಡ್ಡಿಗೆ ಇಡಿ. ಅದು ಎರಡು ಲಕ್ಷವಾಗಲು ಹತ್ತು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಅಷ್ಟೂ ಕಾಲ ಪಾಸ್‌ಬುಕ್ಕಿನಲ್ಲಿ ಮೊದಲ ಅಂಕಿ 1. ಎರಡರಿಂದ ಮೂರಕ್ಕೆ ಆರು ವರ್ಷ. ಒಂಬತ್ತರಿಂದ ಹತ್ತಕ್ಕೆ ಒಂದೂವರೆ ವರ್ಷ ಸಾಕು. ಆಮೇಲೆ ಮತ್ತೆ 1, ಮತ್ತೆ ನಿಧಾನ. ಶೇಕಡಾವಾರು ಬೆಳೆಯುವ ಯಾವುದೇ ಆದರೂ 1ರ ಮನೆಯಲ್ಲಿ ಜಾಸ್ತಿ ದಿನ ಉಳಿಯುತ್ತದೆ, 9ರ ಮನೆಯಲ್ಲಿ ಚಪ್ಪಲಿಯನ್ನೂ ಬಿಡದೆ ಹೊರಡುತ್ತದೆ. ಬೆಲೆ ಗುಣಿಸು ಪ್ರಮಾಣ ಎಂದು ಹುಟ್ಟುವ ಬಿಲ್ಲುಗಳಿಗೂ ಸುಮಾರಾಗಿ ಇದೇ ಗುಣ.

ಸುಳ್ಳು ಲೆಕ್ಕ ಕಟ್ಟುವವನಿಗೆ ಇದು ಹೊಳೆಯುವುದಿಲ್ಲ. ಗಣಿತಜ್ಞ ಥಿಯೊಡೋರ್ ಹಿಲ್ ತಮ್ಮ ವಿದ್ಯಾರ್ಥಿಗಳಿಗೆ ಒಂದು ಹೋಂವರ್ಕ್ ಕೊಡುತ್ತಿದ್ದರು. ನಾಣ್ಯವನ್ನು 200 ಸಲ ಚಿಮ್ಮಿ ಬರೆದು ತನ್ನಿ, ಇಲ್ಲವೇ ಚಿಮ್ಮದೆ ಸುಮ್ನೆ ಊಹಿಸಿ ಬರೆದು ತನ್ನಿ. ಮರುದಿನ ಹಾಳೆ ನೋಡಿದ ಕೂಡಲೇ ಯಾರದು ಅಸಲಿ, ಯಾರದು ನಕಲಿ ಎಂದು ಬಹುಪಾಲು ಸರಿಯಾಗಿ ಹೇಳಿಬಿಡುತ್ತಿದ್ದರು. ಗುಟ್ಟು ಇಷ್ಟೇ: ನಿಜವಾಗಿ 200 ಸಲ ಚಿಮ್ಮಿದರೆ ಸತತ ಆರು ಹೆಡ್ ಅಥವಾ ಸತತ ಆರು ಟೇಲ್ ಎಲ್ಲೋ ಒಂದು ಕಡೆ ಬಂದೇ ಬರುತ್ತದೆ ಎನ್ನಬಹುದು. ಸುಳ್ಳು ಬರೆಯುವವನಿಗೆ ಆರು ಸಲ ಒಂದೇ ಬರೆಯಲು ಧೈರ್ಯ ಸಾಲದು.

ಬೆನ್‌ಫರ್ಡ್ ನಿಯಮವನ್ನು ಲೆಕ್ಕಪತ್ರಗಳ ಮೇಲೆ ಹಚ್ಚಿ ಹೆಸರು ಮಾಡಿದವರು ಲೆಕ್ಕಶಾಸ್ತ್ರದ ಪ್ರಾಧ್ಯಾಪಕ ಮಾರ್ಕ್ ನಿಗ್ರಿನಿ. ಅರಿಜೋನಾದ ಚೆಕ್ಕುಗಳನ್ನು ಹೀಗೆ ಬಿಡಿಸಿ ನೋಡಿದವರೂ ಅವರೇ. ಆದರೆ ಅದು ಕಳ್ಳ ಸಿಕ್ಕಿಬಿದ್ದ ಮೇಲಿನ ಮಾತು. ಎಷ್ಟೋ ಕಡೆ ಈ ನಿಯಮವೇ ಕಳ್ಳನನ್ನು ಹಿಡಿಯಿತು ಎಂಬಂತೆ ಕಥೆ ಹೇಳುತ್ತಾರೆ, ಅದು ಸರಿಯಲ್ಲ.

ನಮ್ಮ ಆಫೀಸುಗಳಿಗೆ ಬರೋಣ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ, ಕೆಲವು ವಿನಾಯಿತಿ ಬಿಟ್ಟು, ಆದಾಯ ತೆರಿಗೆಯವರು ಆ ಖರ್ಚನ್ನು ಒಪ್ಪುವುದಿಲ್ಲ. ಹಾಗಾಗಿ ವೋಚರ್ ಫೈಲು ಬಿಚ್ಚಿದರೆ 9,800, 9,900, 9,950. ದೊಡ್ಡ ಕೆಲಸವನ್ನು ಟೆಂಡರ್ ಮಿತಿಯೊಳಗೆ ಕತ್ತರಿಸಿ ಕೊಡುವುದಕ್ಕೆ ನಮ್ಮಲ್ಲಿ ‘ತುಂಡು ಗುತ್ತಿಗೆ’ ಎಂಬ ಹೆಸರೇ ಇದೆ. ಮಿತಿ ಎಲ್ಲಿರುತ್ತದೋ ಅದರ ಕೆಳಗೆ ಗುಂಪು ಸೇರುತ್ತದೆ. ಮೊದಲೆರಡು ಅಂಕಿಗಳ ಗ್ರಾಫ್ ಹಾಕಿದರೆ 98, 99ರ ಹತ್ತಿರ ಗೋಪುರ ಏಳುತ್ತದೆ. ಅದನ್ನು ನೋಡಲು ದೊಡ್ಡ ಸಾಫ್ಟ್‌ವೇರ್ ಬೇಡ, ಎಕ್ಸೆಲ್ ಸಾಕು.

ಗೋಪುರ ಎದ್ದ ಮಾತ್ರಕ್ಕೆ ಕಳ್ಳತನ ಅಂತಲ್ಲ. ಸೀರೆ ಅಂಗಡಿಯ ಬಿಲ್ಲೆಲ್ಲ 999, 1,999. ಪಿನ್‌ಕೋಡ್ ತೆಗೆದುಕೊಂಡರೆ ಕರ್ನಾಟಕವೇ 5ರಿಂದ ಶುರು. ಮೊಬೈಲ್ ನಂಬರ್ 1ರಿಂದ ಬರುವುದೇ ಇಲ್ಲ. ಇವೆಲ್ಲ ಬೆನ್‌ಫರ್ಡ್ ಪರೀಕ್ಷೆಯಲ್ಲಿ ಫೇಲ್, ಆದರೆ ಪೂರ್ತಿ ಪ್ರಾಮಾಣಿಕ. ಯಾವ ಲೆಕ್ಕಕ್ಕೆ ಯಾವ ಪರೀಕ್ಷೆ ಎಂದು ತಿಳಿಯದೆ ಗ್ರಾಫ್ ಹಾಕುವವರು ಕಳ್ಳರಿಗಿಂತ ಅಪಾಯ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಹಳೆಯ ಲೆಕ್ಕಗಳನ್ನು ನೋಡಿ ಕಂಪ್ಯೂಟರೇ ಕಲಿಯುವ ಯಂತ್ರ ಕಲಿಕೆ (ಮಷಿನ್ ಲರ್ನಿಂಗ್) ಬಂದ ಮೇಲೂ ಈ ತಲೆನೋವು ತಪ್ಪಿಲ್ಲ. ಒಂದು ಲಕ್ಷ ಬಿಲ್ಲಿನಲ್ಲಿ 100 ನಕಲಿ ಇವೆ ಎನ್ನಿ. ನಿಮ್ಮ ಪ್ರೋಗ್ರಾಂ ನಕಲಿಯಲ್ಲಿ ನೂರಕ್ಕೆ 99 ಹಿಡಿಯುತ್ತದೆ, ಅಸಲಿಯಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಅನುಮಾನಿಸುತ್ತದೆ. ಭಾರಿ ಚೆನ್ನಾಗಿದೆ ಅನಿಸುತ್ತೆ ಅಲ್ವಾ? ಲೆಕ್ಕ ಹಾಕಿ. 99 ನಕಲಿ ಸಿಕ್ಕವು, ಜೊತೆಗೆ 99,900 ಅಸಲಿಯಲ್ಲಿ 999 ಬಿಲ್ಲು ಬಲೆಗೆ ಬಿದ್ದವು. ಅನುಮಾನಿಸಿದ ಹತ್ತರಲ್ಲಿ ಒಂಬತ್ತು ನಿರಪರಾಧಿ. ಪ್ರತಿಯೊಂದರ ಹಿಂದೆ ಒಬ್ಬ ವ್ಯಾಪಾರಿ, ಒಬ್ಬ ಗುಮಾಸ್ತ ಇರುತ್ತಾರೆ.

1896ರಲ್ಲಿ ಇಂಗ್ಲೆಂಡಿನ ಒಬ್ಬ ನ್ಯಾಯಾಧೀಶರು ಆಡಿಟರನನ್ನು ಕಾವಲು ನಾಯಿ ಎಂದು ಕರೆದರು, ಬೇಟೆ ನಾಯಿಯಲ್ಲ ಎಂದರು. ಫೊರೆನ್ಸಿಕ್ ಅಕೌಂಟಿಂಗ್, ಅಂದರೆ ಲೆಕ್ಕಪತ್ರದ ವಂಚನೆ ಪತ್ತೆಹಚ್ಚುವ ವಿದ್ಯೆ, ಓದುವವರದು ಬೇಟೆ ನಾಯಿಯ ಕೆಲಸ, ಸಿಕ್ಕಿದ್ದು ಕೋರ್ಟಿನಲ್ಲಿ ನಿಲ್ಲಬೇಕು. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಇದಕ್ಕೊಂದು ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ಧಾರವಾಡಕ್ಕೂ ಬಂದಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ, ಬೇಡ ಅನ್ನಲ್ಲ. ಆದರೆ ಜಮಾ-ಖರ್ಚು ಬರೆಯಲು ಬಾರದವರಿಗೆ ಪೈಥಾನ್ ಏನನ್ನೂ ಹುಡುಕಿಕೊಡುವುದಿಲ್ಲ.

ಸತ್ಯಂ ಹಗರಣ ನೆನಪಿದೆಯಾ? 2009ರ ಜನವರಿ 7ರಂದು ಆ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು. ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಒಂದು ತ್ರೈಮಾಸಿಕದಲ್ಲಿ 649 ಕೋಟಿ ಲಾಭ ತೋರಿಸಿದ್ದರು, ನಿಜಕ್ಕೂ ಬಂದದ್ದು 61 ಕೋಟಿ. ಸಿಬಿಐ 7,561 ನಕಲಿ ಇನ್ವಾಯ್ಸ್ ಪತ್ತೆ ಮಾಡಿತು. ಅವು ಕಂಪನಿಯ ಕಂಪ್ಯೂಟರಿನಲ್ಲೇ ಇದ್ದವು. ‘ಎಸ್’ ಎಂಬ ಗುರುತು ಹಾಕಿದರೆ ಅಂಥ ಇನ್ವಾಯ್ಸ್ ಉಳಿದ ವಿಭಾಗಗಳ ಕಣ್ಣಿಗೆ ಬೀಳುತ್ತಿರಲಿಲ್ಲ. ಮಾಡದ ಕೆಲಸಕ್ಕೆ ಬಿಲ್ಲು ಹುಟ್ಟುತ್ತಿತ್ತು, ಆ ಕೆಲಸ ಮಾಡಿರಬೇಕಾದವರಿಗೇ ಸುದ್ದಿಯಿಲ್ಲ. ಇದರ ಎದುರು ಬೇಕಿದ್ದ ಅಸ್ತ್ರ ಯಾವುದು? ಬ್ಯಾಂಕಿಗೆ ಒಂದು ಕಾಗದ. ಇವರ ಖಾತೆಯಲ್ಲಿ ಎಷ್ಟಿದೆ ಎಂದು ಆಡಿಟರು ತಾವೇ ಬ್ಯಾಂಕನ್ನು ಕೇಳಿ, ಉತ್ತರವನ್ನು ತಾವೇ ಪಡೆಯಬೇಕು. ಆ ಕಾಗದದ ಓಡಾಟವನ್ನು ಕಂಪನಿಯವರ ಕೈಗೆ ಬಿಟ್ಟಿದ್ದರು ಎಂದು ಆಮೇಲೆ ಅಮೆರಿಕದ ನಿಯಂತ್ರಕರು ಆಡಿಟರಿಗೆ ದಂಡ ಹಾಕಿದರು.

ಇಷ್ಟೆಲ್ಲ ಗಣಿತ ಇದ್ದರೂ ವಂಚನೆ ಹೆಚ್ಚಾಗಿ ಹೊರಬೀಳುವುದು ಯಾರೋ ಬಂದು ಕಿವಿಯಲ್ಲಿ ಉಸುರಿದಾಗ. ವಂಚನೆ ಪರೀಕ್ಷಕರ ಅಂತರರಾಷ್ಟ್ರೀಯ ಸಂಘದ 2024ರ ವರದಿಯಲ್ಲಿ ಅಂಥವು ಶೇ. 43. ಉಸುರಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅದೇ ಕಚೇರಿಯವರು.

ಹಾಗಾಗಿ ಪಳಗಿದ ಪರೀಕ್ಷಕರು ಲೆಡ್ಜರಿನ ಜೊತೆ ಇನ್ನೊಂದು ಪುಸ್ತಕವನ್ನೂ ಕೇಳುತ್ತಾರೆ, ರಜೆಯ ರಿಜಿಸ್ಟರ್. ಮಗಳ ಮದುವೆಗೂ ಮಧ್ಯಾಹ್ನದ ಮೇಲೆ ಹೋದ, ಜ್ವರ ಬಂದರೂ ಕೌಂಟರ್ ಬಿಡದ, ಎಲ್ಲರೂ ಹೊಗಳುವ ಗುಮಾಸ್ತನ ಹೆಸರು ಅಲ್ಲಿ ಕಾಣಿಸುವುದಿಲ್ಲ. ನಿಜಕ್ಕೂ ನಿಷ್ಠಾವಂತನೇ ಇರಬಹುದು. ಇಲ್ಲವೇ ತನ್ನ ಕುರ್ಚಿಯಲ್ಲಿ ಬೇರೆಯವರು ಕೂರಬಾರದು ಎಂಬ ಭಯವಿರಬಹುದು. ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಯವರನ್ನು ವರ್ಷಕ್ಕೊಮ್ಮೆ, ಮೊದಲೇ ತಿಳಿಸದೆ, ಒಂದೇ ಪಟ್ಟಿಗೆ ಕನಿಷ್ಠ 10 ಕೆಲಸದ ದಿನ ರಜೆಗೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಬೆಳಿಗ್ಗೆ ಬಂದವರಿಗೆ ಇವತ್ತಿನಿಂದ ರಜೆ ಅಂತಾರೆ. ಅವರು ಬ್ಯಾಗು ಎತ್ತಿಕೊಂಡು ಮನೆಗೆ ಹೋಗುತ್ತಾರೆ. ಪಕ್ಕದ ಶಾಖೆಯವರೊಬ್ಬರು ಬಂದು ಡ್ರಾಯರ್ ಎಳೆಯುತ್ತಾರೆ.