ಕೊಲೆಗಾರ ಗೊತ್ತಿದ್ದ ಮೇಲೂ ‘ಎಲ್.ಎ. ನ್ವಾರ್’ ಆಡಬಹುದೇ?

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ನಿದ್ದೆಗೆಟ್ಟು ‘ಎಲ್.ಎ. ನ್ವಾರ್’ ಎಂಬ ಪತ್ತೇದಾರಿ ವಿಡಿಯೊ ಗೇಮ್ ಮುಗಿಸಿದ್ದೆ. ಈಗ ಮತ್ತೆ ಆಡುವ ಆಸೆ. ಆದರೆ ಕೊಲೆಗಾರ ಯಾರೆಂದು ಗೊತ್ತಿದೆಯಲ್ಲ, ಮಜಾ ಬಂದೀತೇ? ಹಳೆಯದನ್ನೇ ಆಡಲೋ, ಹೊಸ ಆವೃತ್ತಿ ಕೊಳ್ಳಲೋ?
– ಡೊಂಬಿವಲಿಯ ಓದುಗರೊಬ್ಬರು

ಉತ್ತರ: ಆಟವನ್ನು ಇನ್ನೂ ಆಡದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಗುಟ್ಟು ರಟ್ಟಾಗುತ್ತದೆ.

ಮಜಾ ಬರುತ್ತದೆ, ಆದರೆ ಆಗಿನ ಮಜಾ ಅಲ್ಲ. ಹಳಿ ಮೇಲೆ ನೀರು ನಿಂತು ಮುಂಬೈ ಲೋಕಲ್ ರೈಲು ಬಂದ್ ಆಗಿ ಮನೆಯಲ್ಲೇ ಕೂತ ಮಳೆಗಾಲದ ಎರಡು ದಿನ ನಾನೂ ಇದನ್ನೇ ತೆರೆದಿದ್ದೆ. 2011ರಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಗೇಮ್ ಯಂತ್ರಕ್ಕೆ ಇದು ಮೂರು ಡಿಸ್ಕ್‌ಗಳಲ್ಲಿ ಬಂದಿತ್ತು. ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಒಂದಕ್ಕೆ ಗೀರು ಬಿದ್ದಿತ್ತು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಓಡಿಸಿದೆ. ಅಷ್ಟು ಕಷ್ಟಪಟ್ಟು ಆಡಿದ್ದು ಮುಖಗಳಿಗಾಗಿ. 32 ಕ್ಯಾಮೆರಾಗಳ ನಡುವೆ ನಟರನ್ನು ಕೂರಿಸಿ ಮುಖದ ಒಂದೊಂದು ನೆರಿಗೆಯನ್ನೂ ಸೆರೆಹಿಡಿದಿದ್ದರು. ಎದುರಿಗೆ ಕೂತವನು ಸುಳ್ಳು ಹೇಳುತ್ತಿದ್ದಾನೋ ಇಲ್ಲವೋ ಎಂದು ಕಣ್ಣು ನೋಡಿಯೇ ಹೇಳಬೇಕು. ಸ್ಲೋ ಲೋಕಲ್‌ನಲ್ಲಿ ಮೂವರ ಬೆಂಚಿನ ನಾಲ್ಕನೇ ಸೀಟಿನಲ್ಲಿ ಅರ್ಧ ಕೂತು ಎದುರಿನವರ ಮುಖ ಓದುತ್ತಲೇ ದಿನ ಕಳೆಯುವ ನಮಗೆ ಇದೊಂದು ವಿದ್ಯೆಯೇ ಅಲ್ಲ ಎಂದುಕೊಂಡಿದ್ದೆ.

ಈಗ ನೋಡಿದರೆ ಆ ನಟನೆ ಕಂಪನಿ ನಾಟಕದ ಮಟ್ಟದ್ದು. ಸುಳ್ಳು ಹೇಳುವವನು ಎಂಜಲು ನುಂಗುತ್ತಾನೆ, ಮೇಲೆ ಕೆಳಗೆ ನೋಡುತ್ತಾನೆ, ‘ನನ್ನನ್ನು ಹಿಡಿಯಿರಿ’ ಎಂದು ಬೋರ್ಡು ಹಾಕಿಕೊಂಡಂತಿರುತ್ತಾನೆ. ಮುಖವನ್ನು ಬೇರೆ, ಮೈಯನ್ನು ಬೇರೆ ಚಿತ್ರೀಕರಿಸಿದ್ದರಿಂದ ಕೆಲವರ ತಲೆ ಕುತ್ತಿಗೆಯ ಮೇಲೆ ತಂದಿಟ್ಟ ಹಾಗೆ ಕಾಣುತ್ತದೆ. ಆಗ ಇದೊಂದೂ ಕಂಡಿರಲಿಲ್ಲ.

ಇನ್ನೊಂದು ಹಳೆಯ ಗೊಂದಲವೂ ಬಗೆಹರಿಯಿತು. ವಿಚಾರಣೆಯಲ್ಲಿ ‘ಡೌಟ್’ (ಅನುಮಾನ) ಗುಂಡಿ ಒತ್ತಿದರೆ ನಾಯಕನಾದ ಪತ್ತೇದಾರ ಕೋಲ್ ಫೆಲ್ಪ್ಸ್ ಸಣ್ಣ ಅನುಮಾನ ತೋರಿಸುವ ಬದಲು ಮುದುಕಿಯರ ಮೇಲೂ ಹರಿಹಾಯುತ್ತಿದ್ದನಲ್ಲ? ಆಟ ತಯಾರಾಗುವಾಗ ಆ ಗುಂಡಿಯ ಹೆಸರು ‘ಫೋರ್ಸ್’ (ಒತ್ತಾಯ) ಎಂದಿತ್ತು. ಸಂಭಾಷಣೆ ಅದಕ್ಕೆ ತಕ್ಕಂತೆ ಇತ್ತು, ಹೆಸರು ಮಾತ್ರ ಆಮೇಲೆ ಬದಲಾಯಿತು. 2017ರ ಹೊಸ ಆವೃತ್ತಿಯಲ್ಲಿ ಅದು ‘ಬ್ಯಾಡ್ ಕಾಪ್’ (ಒರಟು ಪೊಲೀಸ್) ಆಗಿದೆ. ಅಂದರೆ ನಾವು ಸೋತ ಎಷ್ಟೋ ವಿಚಾರಣೆಗಳಲ್ಲಿ ತಪ್ಪು ನಮ್ಮದಲ್ಲ!

ಮತ್ತೆ ಆಡಬೇಕಾದದ್ದು ಹೋಮಿಸೈಡ್, ಅಂದರೆ ಕೊಲೆ ತನಿಖೆಯ ಭಾಗಕ್ಕಾಗಿ. 1947ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಿಜವಾಗಿ ಕೊಲೆಯಾದ ಎಲಿಜಬೆತ್ ಶಾರ್ಟ್, ಅಂದರೆ ‘ಬ್ಲ್ಯಾಕ್ ಡೇಲಿಯಾ’ ಪ್ರಕರಣದ ನೆರಳು ಅಲ್ಲಿನ ಎಲ್ಲ ಕೇಸುಗಳ ಮೇಲಿದೆ. ನಿಜವಾದ ಕೇಸು ಇವತ್ತಿಗೂ ಬಗೆಹರಿದಿಲ್ಲ. ಆಟ ತನ್ನದೇ ಒಬ್ಬ ಕೊಲೆಗಾರನನ್ನು ಕಟ್ಟಿಕೊಟ್ಟಿದೆ. ಅವನು ಸಿಕ್ಕುವ ಮೊದಲು ನಾವು ಒಬ್ಬರಾದ ಮೇಲೊಬ್ಬರನ್ನು ಒಳಗೆ ಹಾಕಿರುತ್ತೇವೆ, ಅವರೆಲ್ಲ ನಿರಪರಾಧಿಗಳು. ‘ಗೋಲ್ಡನ್ ಬಟರ್‌ಫ್ಲೈ’ ಕೇಸನ್ನೇ ನೋಡಿ. ಒಂದು ವಿಚಾರಣೆ ಕೋಣೆಯಲ್ಲಿ ಸತ್ತವಳ ಗಂಡ, ಇನ್ನೊಂದರಲ್ಲಿ ಮಕ್ಕಳ ಮೇಲೆ ಕೈಹಾಕಿ ಹಿಂದೆ ಶಿಕ್ಷೆಯಾದವನು. ಇಬ್ಬರ ವಿರುದ್ಧವೂ ಸಾಕ್ಷ್ಯವಿದೆ. ಗಂಡನನ್ನು ಆರಿಸಿದರೆ ನಮ್ಮ ಮೇಲಧಿಕಾರಿ ಕ್ಯಾಪ್ಟನ್ ಬೈಯುತ್ತಾನೆ, ಇನ್ನೊಬ್ಬನನ್ನು ಆರಿಸಿದರೆ ಬೆನ್ನು ತಟ್ಟುತ್ತಾನೆ. ಕೊಂದವರು ಇಬ್ಬರೂ ಅಲ್ಲ! ಮೊದಲ ಸಲ ಬೆನ್ನು ತಟ್ಟಿಸಿಕೊಂಡು ಹಿಗ್ಗಿದ್ದೆ. ಈ ಸಲ ಗುಂಡಿ ಒತ್ತಲು ಬೆರಳು ಏಳಲಿಲ್ಲ. ಕೊಲೆಗಾರ ಗೊತ್ತಿರುವುದರಿಂದಲೇ ಈ ಭಾಗ ಕೆಲಸ ಮಾಡುತ್ತದೆ. ಸತ್ಯವಲ್ಲ, ಮೇಲಿನವರಿಗೆ ಬೇಕಾದ ಉತ್ತರ ತಂದುಕೊಡುವ ಕೆಲಸ ಅಲ್ಲಿ ನಮ್ಮದು ಎನ್ನುವುದು ಎರಡನೇ ಸಲವೇ ಹೊಳೆಯುವುದು.

ಆವೃತ್ತಿ ವಿಚಾರ: ಪಿಎಸ್4, ಎಕ್ಸ್‌ಬಾಕ್ಸ್ ಒನ್ ಅಥವಾ ಸ್ವಿಚ್ ಗೇಮ್ ಯಂತ್ರ ಇದ್ದರೆ 2017ರದನ್ನೇ ಆಡಿ, ಹೆಚ್ಚುವರಿ ಕೇಸುಗಳೂ ಅದರಲ್ಲೇ ಇವೆ. ಪಿಸಿಯಲ್ಲಿರುವುದು ಹಳೆಯದೇ, ಸೆಕೆಂಡಿಗೆ 30 ಫ್ರೇಮ್‌ನಲ್ಲೇ ಓಡುತ್ತದೆ. ಯಾವುದಾದರೂ ಸರಿ, ಸೆಟ್ಟಿಂಗ್ಸ್‌ಗೆ ಹೋಗಿ ಸುಳಿವಿನ ಹತ್ತಿರ ಬಂದಾಗ ಟಿಣ್ ಎನ್ನುವ ಸಂಗೀತ, ಕಂಟ್ರೋಲರಿನ ನಡುಕ ಎರಡನ್ನೂ ಬಂದ್ ಮಾಡಿ. ಅವಿದ್ದರೆ ಹೆಣದ ಸುತ್ತ ಕೋಲು ತಟ್ಟುತ್ತಾ ನಡೆದಂತೆ, ನೋಡುವ ಕೆಲಸವೇ ಇರುವುದಿಲ್ಲ. ಕಾರು ಓಡಿಸುವುದಂತೂ ಬೇಡವೇ ಬೇಡ. ಹತ್ತುವ ಗುಂಡಿಯನ್ನು ಒತ್ತಿ ಹಿಡಿದರೆ ಜೊತೆಗಾರನೇ ಓಡಿಸುತ್ತಾನೆ. ಘೋಡಬಂದರ್ ರೋಡಿನ ಟ್ರಾಫಿಕ್ ಮುಗಿಸಿ ಮನೆಗೆ ಬಂದವರಿಗೆ ಅದೇ ದೊಡ್ಡ ಉಪಕಾರ.

ಸಾಧ್ಯವಾದರೆ ಆಡದವರೊಬ್ಬರ ಪಕ್ಕ ಕೂತು ನೋಡಿ. ಉಡುಪಿಯಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮ ಆ ಬಟರ್‌ಫ್ಲೈ ಕೇಸು ಆಡುತ್ತಿದ್ದ. ಎರಡು ಕೋಣೆಗಳಿಗೂ ಮೂರು ಸಲ ಹೋಗಿ ಬಂದು, “ಯಾರನ್ನು ಒಳಗೆ ಹಾಕುದು ಭಾವ?” ಎಂದ. ನಾನು ಚಾ ಹೀರುತ್ತಾ ಸುಮ್ಮನಿದ್ದೆ. “ಇವನ ಮುಖ ನೋಡಿದ್ರೇ ಗೊತ್ತಾಗ್ತದೆ” ಎಂದು ಒತ್ತಿಯೇಬಿಟ್ಟ. ಕ್ಯಾಪ್ಟನ್ ಹೊಗಳಿದ, ಇವನು ನನ್ನತ್ತ ತಿರುಗಿ ಹಲ್ಲು ಕಿರಿದ.