ಕೃತಕ ಕೀಲಿಗೆ ಹತ್ತು ವರ್ಷದ ಪರೀಕ್ಷೆ

ದೋಸೆ ಅಂಟಬಾರದೆಂದು ಕಾವಲಿಗೆ ಹಚ್ಚುವ ಟೆಫ್ಲಾನ್ ಒಂದು ಕಾಲಕ್ಕೆ ಮನುಷ್ಯರ ಸೊಂಟದೊಳಗೂ ಇತ್ತು. 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಮೂಳೆ ಸರ್ಜನ್ ಜಾನ್ ಚಾರ್ನ್ಲಿ ಹಾಳಾದ ಸೊಂಟದ ಕೀಲನ್ನು ತೆಗೆದು, ಅಲ್ಲಿ ಟೆಫ್ಲಾನಿನ ಬಟ್ಟಲು ಮತ್ತು ಉಕ್ಕಿನ ಚೆಂಡು ಕೂರಿಸುತ್ತಿದ್ದರು. ನೋವು ಮಾಯವಾಗುತ್ತಿತ್ತು. ಕುಂಟುತ್ತಿದ್ದವರು ನೆಟ್ಟಗೆ ನಡೆಯುತ್ತಿದ್ದರು. ಟೆಫ್ಲಾನಿನಷ್ಟು ನುಣ್ಣಗೆ ಜಾರುವ ಪ್ಲಾಸ್ಟಿಕ್ ಇನ್ನೊಂದಿರಲಿಲ್ಲ. ದೇಹದ ರಸಗಳು ಅದನ್ನು ಕರಗಿಸುವುದಿಲ್ಲ. ಇನ್ನೇನು ಬೇಕು, ಅಲ್ವಾ?

ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಬಟ್ಟಲುಗಳು ಸವೆದುಹೋದವು. ಸವೆದ ಪುಡಿಯ ಸುತ್ತ ದೇಹ ಗಂಟು ಕಟ್ಟಿತು, ಕೀಲು ಸಡಿಲವಾಯಿತು. ಅಷ್ಟು ಹೊತ್ತಿಗೆ ಸುಮಾರು 300 ಜನರಿಗೆ ಈ ಆಪರೇಷನ್ ಆಗಿತ್ತು. ಚಾರ್ನ್ಲಿ ಟೆಫ್ಲಾನಿನ ಪುಡಿಯನ್ನು ತಮ್ಮದೇ ತೊಡೆಯೊಳಗೆ ಸೇರಿಸಿಕೊಂಡು ನೋಡಿದರು. ಅಲ್ಲೂ ಗಂಟು ಎದ್ದಿತು. ಟೆಫ್ಲಾನ್ ಒಂದು ಗಟ್ಟಿ ಬಿಲ್ಲೆಯಾಗಿ ಸುಮ್ನೆ ಕೂತಿದ್ದರೆ ದೇಹ ಅದನ್ನು ಸಹಿಸಿಕೊಳ್ಳುತ್ತದೆ. ಅದೇ ಟೆಫ್ಲಾನ್ ದಿನವೂ ಸಾವಿರಾರು ಹೆಜ್ಜೆಗಳ ಭಾರಕ್ಕೆ ಪುಡಿಯಾದರೆ ಸಹಿಸುವುದಿಲ್ಲ. ವಸ್ತು ಒಂದೇ. ಭಾರ, ಚಲನೆ, ದೇಹದ ಕಾವಲು ಕೋಶಗಳು ಮತ್ತು ಕಾಲ ಜೊತೆಗೂಡಿದಾಗ ಅದರ ಗುಣವೇ ಬದಲಾಗುತ್ತದೆ.

ಮುಂದಿನ ವಸ್ತು ಸಿಕ್ಕಿದ್ದು ಅದೃಷ್ಟದಿಂದ. 1962ರಲ್ಲಿ ಒಬ್ಬ ಮಾರಾಟಗಾರ ಮಗ್ಗಗಳ ಗೇರ್‌ಗೆ ಬಳಸುವ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ತುಂಡನ್ನು ಆಸ್ಪತ್ರೆಗೆ ತಂದಿದ್ದ. ಚಾರ್ನ್ಲಿ ಅದನ್ನು ಉಗುರಿನಿಂದ ಒತ್ತಿ ನೋಡಿ, ಇದು ಆಗದ ಮಾತು ಎಂದು ಬಿಟ್ಟರಂತೆ. ಅವರ ವರ್ಕ್‌ಶಾಪಿನ ತಂತ್ರಜ್ಞ ಹ್ಯಾರಿ ಕ್ರೇವನ್ ಬಿಡಲಿಲ್ಲ. ಸವೆತ ಅಳೆಯುವ ಯಂತ್ರಕ್ಕೆ ಅದನ್ನು ಕಟ್ಟಿ ಹಗಲೂ ರಾತ್ರಿ ಓಡಿಸಿದರು. ಮೂರು ವಾರವಾದರೂ, ಟೆಫ್ಲಾನ್ ಒಂದೇ ದಿನದಲ್ಲಿ ಸವೆಯುವಷ್ಟು ಅದು ಸವೆದಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಮೊದಲ ಪಾಲಿಎಥಿಲೀನ್ ಬಟ್ಟಲು ರೋಗಿಯ ಸೊಂಟ ಸೇರಿತು. ಟೆಫ್ಲಾನಿನ ಪಾಠ ಚಾರ್ನ್ಲಿಯವರಿಗೆ ನೆನಪಿತ್ತು. ಹೊಸ ಕೀಲನ್ನು ಬೇರೆ ಸರ್ಜನ್‌ಗಳ ಕೈಗೆ ಕೊಡಲು ಅವರು ವರ್ಷಗಟ್ಟಲೆ ಕಾದರು. ಸತ್ತ ಮೇಲೆ ಕೀಲನ್ನು ತೆಗೆದು ಪರೀಕ್ಷಿಸಲು ಒಪ್ಪಿಗೆ ಕೊಡಿ ಎಂದು ರೋಗಿಗಳನ್ನು ಕೇಳಿಕೊಂಡರು. ನನ್ನ ಮಟ್ಟಿಗೆ ಅವರ ದೊಡ್ಡ ಕೊಡುಗೆ ಆ ಕೀಲಿಗಿಂತ ಈ ತಾಳ್ಮೆಯೇ.

ಆದರೂ ಹತ್ತು ವರ್ಷ ದಾಟಿದ ಕೆಲವು ಕೀಲುಗಳ ಸುತ್ತ ಮೂಳೆ ಕರಗತೊಡಗಿತು. ಮೂಳೆಗೆ ಕೀಲನ್ನು ಹಿಡಿದಿಡುವ ಅಕ್ರಿಲಿಕ್ ಸಿಮೆಂಟಿನ ಮೇಲೆ ಗುಮಾನಿ ಬಂತು. 1980ರ ದಶಕದಲ್ಲಿ ಇದಕ್ಕೆ 'ಸಿಮೆಂಟ್ ಕಾಯಿಲೆ' ಎಂಬ ಹೆಸರೂ ಬಿತ್ತು. ಸಿಮೆಂಟೇ ಇಲ್ಲದ ಕೀಲುಗಳನ್ನು ಹಾಕಿದರು. ಅಲ್ಲೂ ಮೂಳೆ ಕರಗಿತು. ನಿಜವಾದ ಕಾರಣ ಹೆಚ್ಚಾಗಿ ಪಾಲಿಎಥಿಲೀನಿನ ಸೂಕ್ಷ್ಮ ಪುಡಿ. ಅದನ್ನು ನುಂಗಿದ ಕಾವಲು ಕೋಶಗಳಿಗೆ ಅರಗಿಸಿಕೊಳ್ಳಲು ಆಗುವುದಿಲ್ಲ. ಅವು ಸುತ್ತಲಿನ ಕೋಶಗಳಿಗೆ ಉರಿಯೂತದ ಸಂಕೇತ ಕಳಿಸುತ್ತವೆ. ಆ ಸಂಕೇತಕ್ಕೆ ಎಚ್ಚರಗೊಳ್ಳುವುದು ಮೂಳೆಯನ್ನು ತಿನ್ನುವ ಕೋಶಗಳು. ಪುಡಿಗೆ ಮೂಳೆ ಕರಗಿಸುವ ಶಕ್ತಿ ಇಲ್ಲ, ಕರಗಿಸುವುದು ದೇಹವೇ.

ಇಲ್ಲಿ ಇನ್ನೊಂದು ಎಡವಟ್ಟು ಸೇರಿಕೊಂಡಿತ್ತು. ಬಟ್ಟಲುಗಳನ್ನು ಕ್ರಿಮಿಮುಕ್ತ ಮಾಡಲು ಗಾಮಾ ಕಿರಣ ಹಾಯಿಸುತ್ತಿದ್ದರು. ಕಿರಣ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಗಳನ್ನು ಅಲ್ಲಲ್ಲಿ ಕತ್ತರಿಸುತ್ತದೆ. ತುಂಡಾದ ತುದಿಗಳು ಒಂದಕ್ಕೊಂದು ಬೆಸೆದುಕೊಂಡರೆ ಒಳ್ಳೆಯದು, ಪ್ಲಾಸ್ಟಿಕ್ ಇನ್ನೂ ಗಟ್ಟಿಯಾಗುತ್ತದೆ. ಆದರೆ ಪೊಟ್ಟಣದೊಳಗೆ ಗಾಳಿ ಇತ್ತು. ಗಾಳಿಯ ಆಮ್ಲಜನಕ ಆ ತುದಿಗಳಿಗೆ ಅಂಟಿತು. ಗಾಳಿಯೊಂದೇ ಇದ್ದರೆ ಪಾಲಿಎಥಿಲೀನಿಗೆ ಅಷ್ಟೇನೂ ಆಗುವುದಿಲ್ಲ, ಗಾಳಿ ಇಲ್ಲದ ಕಡೆ ಗಾಮಾ ಕಿರಣದಿಂದಲೂ ಇಂಥ ಹಾನಿ ಇಲ್ಲ. ಎರಡೂ ಸೇರಿ, ಮೇಲೆ ಕೆಲವು ವರ್ಷ ಕಳೆದರೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಕಪಾಟಿನಲ್ಲಿ ಜಾಸ್ತಿ ದಿನ ಕೂತ ಬಟ್ಟಲು ದೇಹಕ್ಕೆ ಹೋಗುವ ಮೊದಲೇ ಅರ್ಧ ಮುದಿಯಾಗಿರುತ್ತಿತ್ತು.

ತಮಾಷೆಯೆಂದರೆ ಮದ್ದೂ ಅದೇ ಕಿರಣದಲ್ಲಿತ್ತು. ಕ್ರಿಮಿ ಕೊಲ್ಲಲು ಬೇಕಾದ್ದಕ್ಕಿಂತ ಹೆಚ್ಚು ಕಿರಣ ಹಾಯಿಸಿ, ಆಮೇಲೆ ಪ್ಲಾಸ್ಟಿಕ್ಕನ್ನು ಕರಗುವವರೆಗೆ ಕಾಯಿಸಿದರೆ ತುದಿಗಳೆಲ್ಲ ತಮ್ಮತಮ್ಮಲ್ಲೇ ಬೆಸೆದುಕೊಳ್ಳುತ್ತವೆ. ಆಮ್ಲಜನಕಕ್ಕೆ ಏನೂ ಉಳಿಯುವುದಿಲ್ಲ. ಇದಕ್ಕೂ ಒಂದು ಬೆಲೆ ಇದೆ. ಕರಗಿಸಿದ ಪ್ಲಾಸ್ಟಿಕ್ಕಿಗೆ ಬಿರುಕು ತಡೆಯುವ ಶಕ್ತಿ ಸ್ವಲ್ಪ ಕಮ್ಮಿ. ಅದಕ್ಕೇ ಆಮೇಲೆ ಕೆಲವರು ಕರಗಿಸುವ ಬದಲು ವಿಟಮಿನ್ ಇ ಬೆರೆಸುವ ದಾರಿ ಹಿಡಿದರು. 1990ರ ದಶಕದ ಕೊನೆಗೆ ಬಳಕೆಗೆ ಬಂದ ಈ ಹೆಚ್ಚು ಬೆಸೆದ ಪಾಲಿಎಥಿಲೀನ್ ಹಳೆಯದಕ್ಕಿಂತ ತುಂಬಾ ಕಮ್ಮಿ ಸವೆಯುತ್ತದೆ.

ಎರಡು ಸೇರಿದಾಗ ಫಲವೇ ಬೇರೆಯಾಗುವುದಕ್ಕೆ ಔಷಧದ ಕಡೆಯಿಂದಲೂ ಒಂದು ಉದಾಹರಣೆ ಇದೆ. ಸೋಂಕು ತಡೆಯಲು ರಕ್ತಕ್ಕೆ ಆಂಟಿಬಯೋಟಿಕ್ ಕೊಡಬೇಕೋ, ಸಿಮೆಂಟಿಗೆ ಬೆರೆಸಬೇಕೋ? ಕೃತಕ ಕೀಲು ಹಾಕಿದ ಆಪರೇಷನ್‌ಗಳನ್ನು ಬರೆದಿಡುವ ನಾರ್ವೆಯ ಕೀಲು ದಾಖಲಾತಿಯಲ್ಲಿ 1987ರಿಂದ 1995ರವರೆಗಿನ 10,905 ಆಪರೇಷನ್‌ಗಳನ್ನು ತಿರುವಿ ಹಾಕಿದಾಗ, ಎರಡನ್ನೂ ಒಟ್ಟಿಗೆ ಕೊಟ್ಟವರಲ್ಲೇ ಮರು ಆಪರೇಷನ್ ಅತಿ ಕಮ್ಮಿ ಇತ್ತು.

ಪ್ಲಾಸ್ಟಿಕ್ ಸವೆಯುತ್ತದೆ ಎಂದಾದರೆ ಅದನ್ನು ಬಿಟ್ಟೇಬಿಡೋಣ, ಚೆಂಡೂ ಬಟ್ಟಲೂ ಲೋಹದ್ದೇ ಇರಲಿ ಎಂದು 2000ದ ಆಸುಪಾಸಿನಲ್ಲಿ ಅನೇಕರು ಹೊರಟರು. ಲ್ಯಾಬಿನ ಯಂತ್ರದಲ್ಲಿ ಲಕ್ಷಾಂತರ ಹೆಜ್ಜೆ ನಡೆಸಿದರೂ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ ಅಷ್ಟಾಗಿ ಸವೆಯುತ್ತಿರಲಿಲ್ಲ. ಈ ಲೋಹಕ್ಕೆ ತುಕ್ಕು ಹಿಡಿಯದಿರಲು ಕಾರಣ ಅದರ ಮೈಮೇಲಿನ ಆಕ್ಸೈಡ್ ಪೊರೆ. ದಪ್ಪ ಕೆಲವೇ ನ್ಯಾನೋಮೀಟರ್. ಉಜ್ಜಿದಾಗ ಪೊರೆ ಕಿತ್ತುಬರುತ್ತದೆ. ಕೆಳಗಿನ ಬೆತ್ತಲೆ ಲೋಹ ಉಪ್ಪುನೀರಿನಂಥ ದೇಹದ್ರವಕ್ಕೆ ಒಂದಿಷ್ಟು ಕರಗಿ ಹೊಸ ಪೊರೆ ಕಟ್ಟಿಕೊಳ್ಳುತ್ತದೆ. ಮುಂದಿನ ಹೆಜ್ಜೆಗೆ ಅದೂ ಹೋಗುತ್ತದೆ. ಗಾಯದ ಹಕ್ಕಳೆಯನ್ನು ದಿನವೂ ಕೆರೆದಂತೆ. ಸವೆತವನ್ನು ಮಾತ್ರ ಅಳೆದು, ತುಕ್ಕನ್ನು ಮಾತ್ರ ಅಳೆದು ಕೂಡಿಸಿದರೆ ಬರುವ ಲೆಕ್ಕಕ್ಕಿಂತ ಎರಡೂ ಒಟ್ಟಿಗೆ ನಡೆದಾಗ ನಷ್ಟವಾಗುವ ಲೋಹ ಹೆಚ್ಚಿರಬಹುದು. ಈ ಹೆಚ್ಚುವರಿ ಪಾಲನ್ನು ಲೆಕ್ಕ ಹಾಕುವುದಕ್ಕೆಂದೇ ಒಂದು ಅಂತರರಾಷ್ಟ್ರೀಯ ಪರೀಕ್ಷಾ ವಿಧಾನವಿದೆ. ಬಟ್ಟಲು ಸ್ವಲ್ಪ ಓರೆಯಾಗಿ ಕೂತರೆ ಭಾರವೆಲ್ಲ ಅಂಚಿನ ಮೇಲೆ ಬಿದ್ದು ಕಥೆ ಇನ್ನೂ ಕೆಡುತ್ತದೆ. ಯಂತ್ರದಲ್ಲಿ ಬಟ್ಟಲನ್ನು ಸರಿಯಾದ ಕೋನಕ್ಕೆ ಬಿಗಿದಿರುತ್ತಾರೆ. ಆಪರೇಷನ್ ಟೇಬಲ್ಲಿನ ಮೇಲೆ ಎಲ್ಲರಿಗೂ ಆ ಕೋನ ಸಿಗುವುದಿಲ್ಲ.

ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಲೋಹದ ಕೀಲು ಇದಕ್ಕೆ ಸಾಕ್ಷಿ. ಐದು ವರ್ಷದೊಳಗೆ ನೂರರಲ್ಲಿ 12-13 ಜನರಿಗೆ ಮರು ಆಪರೇಷನ್ ಬೇಕಾಗುತ್ತಿದೆ ಎಂದು ಬ್ರಿಟನ್ನಿನ ರಾಷ್ಟ್ರೀಯ ದಾಖಲಾತಿ ತೋರಿಸಿತು. ಆಸ್ಟ್ರೇಲಿಯಾದ ದಾಖಲಾತಿ ಅದಕ್ಕೂ ಮೊದಲೇ ಎಚ್ಚರಿಸಿತ್ತು. 2010ರ ಆಗಸ್ಟಿನಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಆ ಹೊತ್ತಿಗೆ ಸುಮಾರು 93,000 ಜನರ ಮೈಯೊಳಗೆ ಅದು ಸೇರಿತ್ತು. ಕೀಲಿನ ಸುತ್ತಲಿನ ಮಾಂಸ ಹಾಳಾದವರು, ರಕ್ತದಲ್ಲಿ ಕೋಬಾಲ್ಟ್ ಏರಿದವರು ಅವರಲ್ಲಿದ್ದರು.

ಇಂಥ ದಾಖಲಾತಿ ಶುರುವಾದದ್ದು ಸ್ವೀಡನ್ನಿನಲ್ಲಿ, 1970ರ ದಶಕದಲ್ಲಿ. ಮೊದಲು ಮಂಡಿಗೆ, ಆಮೇಲೆ 1979ರಲ್ಲಿ ಸೊಂಟಕ್ಕೆ. ಯಾರಿಗೆ ಯಾವ ಕೀಲು, ಯಾವಾಗ ಹಾಕಿದ್ದು, ಯಾವಾಗ ತೆಗೆದದ್ದು. ಬರೆದಿಡುವುದು ಇಷ್ಟೇ. ನೋಡಲು ಗುಮಾಸ್ತಿಕೆ, ಆದರೆ ಸವೆತ ಮತ್ತು ತುಕ್ಕಿನಂಥ, ಲ್ಯಾಬಿನ ಯಂತ್ರಕ್ಕೆ ಕಾಣದ ಜೋಡಿಗಳ ಪರಿಣಾಮ ಕಂಡದ್ದು ಇಲ್ಲೇ.

ಭಾರತದಲ್ಲಿ ಎಎಸ್‌ಆರ್ ಹಾಕಿದ್ದು ಸುಮಾರು 4,700 ಆಪರೇಷನ್‌ಗಳಲ್ಲಿ. ವಾಪಸಾತಿಯ ನಂತರ ಆ ರೋಗಿಗಳನ್ನು ಹುಡುಕಹೊರಟಾಗ ಹೆಚ್ಚಿನವರು ಪತ್ತೆಯಾಗಲೇ ಇಲ್ಲ. ನಮ್ಮಲ್ಲಿ ದಾಖಲೆಯ ಈ ಕೊರತೆ ಇನ್ನೂ ಜಾಸ್ತಿ ಕಾಡುತ್ತದೆ. ಸೊಂಟದ ಕೀಲಿನ ಚೆಂಡಿನಂಥ ಮೂಳೆಗೆ ರಕ್ತದ ಹರಿವು ನಿಂತು ಕೀಲು ಕಳೆದುಕೊಳ್ಳುವ ಮೂವತ್ತು ನಲವತ್ತರ ಪ್ರಾಯದವರು ಇಲ್ಲಿ ಬಹಳ. ಅವರಿಗೆ ಹತ್ತು ವರ್ಷವಲ್ಲ, ನಲವತ್ತು ವರ್ಷ ಬಾಳುವ ಕೀಲು ಬೇಕು. ಜೊತೆಗೆ ನಾವು ಚಕ್ಕಲಮಕ್ಕಲ ಹಾಕಿ ಕೂರುವವರು, ಕುಕ್ಕರುಗಾಲಲ್ಲಿ ಕೆಲಸ ಮಾಡುವವರು. ಸ್ವೀಡನ್ನಿನ ಅಜ್ಜಿಯ ಸೊಂಟದ ಲೆಕ್ಕ ಮಂಡ್ಯದ ರೈತನ ಸೊಂಟಕ್ಕೆ ಎಷ್ಟು ಒಪ್ಪುತ್ತದೆ ಎಂದು ಹೇಳಲು ಇಲ್ಲಿನದೇ ದಾಖಲೆ ಬೇಕು. ಕೀಲಿನ ಪೊಟ್ಟಣದ ಮೇಲೆ ಮಾದರಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆದರೆ ಅದರ ಒಂದು ಪ್ರತಿಯನ್ನು ಕೇಳಿ ತೆಗೆದುಕೊಳ್ಳಿ.