ಸಮಾಧಿ ಹುಡುಕಲು ದುಡ್ಡು ಕೊಟ್ಟವನಿಗೆ ಏನು ಸಿಕ್ಕಿತು?

ಎಲ್ಲಾದರೂ ಉತ್ಖನನ ನಡೆದ ಸುದ್ದಿ ಬಂದರೆ ಜನ ಮೊದಲು ಕೇಳುವುದು ‘ಏನು ಸಿಕ್ಕಿತು?’ ಅಂತ. ಈ ಕೆಲಸದಲ್ಲಿರುವ ನಾನು ಮೊದಲು ನೋಡುವುದು ಬೇರೆ ಎರಡು ವಿಷಯ. ದುಡ್ಡು ಯಾರದ್ದು? ಸಿಕ್ಕಿದ್ದು ಯಾರಿಗೆ ಸೇರಬೇಕು ಎಂದು ಅಗೆಯುವ ಮೊದಲೇ ಬರೆದಿಟ್ಟಿದ್ದರಾ? ಪ್ರಾಚೀನ ಈಜಿಪ್ಟಿನ ರಾಜ ಟುಟಾಂಖಾಮುನ್‌ನ ಸಮಾಧಿಯ ಕಥೆಯನ್ನು ಹೀಗೆ ಓದಿದರೆ ಅದನ್ನು ಹುಡುಕಿದ ಹೊವಾರ್ಡ್ ಕಾರ್ಟರ್‌ಗಿಂತ ಜಾಸ್ತಿ ದುಡ್ಡು ಹಾಕಿದ ಲಾರ್ಡ್ ಕಾರ್ನಾರ್ವನ್ ಮೇಲೆ ಕಣ್ಣು ಹೋಗುತ್ತದೆ.

ಕಾರ್ನಾರ್ವನ್ ಹುಟ್ಟಿದ್ದು 1866ರಲ್ಲಿ. ಇಂಗ್ಲೆಂಡಿನ ಹೈಕ್ಲೇರ್ ಕೋಟೆಮನೆ, ಅದರ ಸುತ್ತಲಿನ ಜಮೀನು, ಐದನೇ ಅರ್ಲ್ ಎಂಬ ಪದವಿ ಎಲ್ಲವೂ 1890ರಲ್ಲಿ ಕೈಗೆ ಬಂದವು. ಕುದುರೆ ರೇಸು, ಮೋಟಾರು ಕಾರು, ಫೋಟೊಗ್ರಫಿ ಆತನ ಹುಚ್ಚುಗಳು. ಸಾಲವೂ ಇತ್ತು. 1895ರಲ್ಲಿ ಆಲ್ಮಿನಾಳನ್ನು ಮದುವೆಯಾದಾಗ ಆಕೆಯ ಕಡೆಯಿಂದ ಬಂದ ರಾಥ್‌ಶೀಲ್ಡ್ ಮನೆತನದ ಹಣ ಅದನ್ನು ತೀರಿಸಿತು. ಮುಂದೆ ಈಜಿಪ್ಟಿನ ಮಣ್ಣು ಅಗೆಸಿದ್ದರಲ್ಲೂ ಆ ಹಣದ ಪಾಲಿದೆ. ಜರ್ಮನಿಯಲ್ಲಿ ನಡೆದ ಕಾರು ಅಪಘಾತ ಆತನ ಆರೋಗ್ಯವನ್ನು ಕೆಡಿಸಿತು. ಇಂಗ್ಲೆಂಡಿನ ಚಳಿ ತಡೆಯದೆ, 1903ರಿಂದ ಚಳಿಗಾಲ ಕಳೆಯಲು ಈಜಿಪ್ಟಿಗೆ ಹೋಗತೊಡಗಿದ.

ಅಲ್ಲಿ ಸುಮ್ನೆ ಕೂರಲಾಗಲಿಲ್ಲ. ಪರವಾನಗಿ ಪಡೆದು ಲಕ್ಸರ್ ಬಳಿ ತಾನೇ ಅಗೆಸಲು ನಿಂತ. ಮೊದಲ ಸಲ ಹೇಳಿಕೊಳ್ಳುವಂಥದ್ದು ಸಿಕ್ಕಿದ್ದು ಒಂದು ಬೆಕ್ಕಿನ ಮಮ್ಮಿ. ಪುರಾತತ್ವ ಇಲಾಖೆಯ ಮುಖ್ಯಸ್ಥ ಗ್ಯಾಸ್ಟನ್ ಮಾಸ್ಪೆರೊ ಆತನಿಗೆ ತೋರಿಸಿಕೊಟ್ಟಿದ್ದು ಕಾರ್ಟರ್‌ನನ್ನು. 17ನೇ ವಯಸ್ಸಿಗೇ ಚಿತ್ರ ಬಿಡಿಸುವ ಕೆಲಸಕ್ಕೆ ಈಜಿಪ್ಟಿಗೆ ಬಂದಿದ್ದ ಕಾರ್ಟರ್‌ಗೆ ಆ ನೆಲ ಚೆನ್ನಾಗಿ ಗೊತ್ತಿತ್ತು, ಕೈಯಲ್ಲಿ ಮಾತ್ರ ಕಾಸಿರಲಿಲ್ಲ. ಕಾರ್ನಾರ್ವನ್ ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದೇ ಅಂತ ನನ್ನ ಅಭಿಪ್ರಾಯ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಕೈಗೆ ಒಪ್ಪಿಸಿದ.

ಆಗಿನ ಪದ್ಧತಿಯಲ್ಲಿ ಸಿಕ್ಕ ವಸ್ತುಗಳು ಎರಡು ಪಾಲಾಗುತ್ತಿದ್ದವು. ಒಂದು ಪಾಲು ಕೈರೋ ಮ್ಯೂಸಿಯಂಗೆ, ಇನ್ನೊಂದು ದುಡ್ಡು ಹಾಕಿದವನಿಗೆ. ಹೀಗೆ ಹೈಕ್ಲೇರ್‌ನಲ್ಲಿ ದೊಡ್ಡ ಸಂಗ್ರಹವೇ ಬೆಳೆಯಿತು.

ಕಾರ್ನಾರ್ವನ್‌ಗೆ ಆಸೆ ಇದ್ದಿದ್ದು ಲಕ್ಸರ್ ಬಳಿಯ ರಾಜರ ಕಣಿವೆಯ ಮೇಲೆ, ಅಂದರೆ ಪ್ರಾಚೀನ ರಾಜರ ಸಮಾಧಿಗಳಿರುವ ಜಾಗದ ಮೇಲೆ. ಅದರ ಪರವಾನಗಿ ಅಮೆರಿಕದ ಸಿರಿವಂತ ಥಿಯೊಡೊರ್ ಡೇವಿಸ್ ಹತ್ತಿರ ಇತ್ತು. ಕಣಿವೆಯಲ್ಲಿ ಇನ್ನೇನೂ ಉಳಿದಿಲ್ಲ ಎಂದು ಡೇವಿಸ್ 1914ರಲ್ಲಿ ಕೈಬಿಟ್ಟ. ಆದರೆ ಅವನಿಗೇ ಮೂರು ಸುಳಿವು ಸಿಕ್ಕಿದ್ದವು. ಬಂಡೆಯೊಂದರ ಕೆಳಗೆ ಟುಟಾಂಖಾಮುನ್ ಹೆಸರಿದ್ದ ಒಂದು ಬಟ್ಟಲು, ಅದೇ ಹೆಸರಿನ ಚಿನ್ನದ ತಗಡಿನ ಚೂರುಗಳು, ಶವಸಂಸ್ಕಾರದಲ್ಲಿ ಮಿಕ್ಕ ಬಟ್ಟೆ ಮತ್ತು ಮಡಕೆಗಳಿದ್ದ ಒಂದು ಗುಂಡಿ. ಡೇವಿಸ್ ಅವುಗಳನ್ನು ತಪ್ಪಾಗಿ ಓದಿದ. ಇವೆಲ್ಲ ಇಲ್ಲಿದ್ದರೆ ರಾಜನೂ ಹತ್ತಿರದಲ್ಲೇ ಇರಬೇಕು ಎಂದು ಕಾರ್ಟರ್ ಲೆಕ್ಕ ಹಾಕಿದ. ಉತ್ಖನನದಲ್ಲಿ ಹೀಗೆ ಚೂರುಪಾರುಗಳೇ ದಾರಿ ತೋರಿಸುತ್ತವೆ.

ಕಣಿವೆಯ ಪರವಾನಗಿ ಕಾರ್ನಾರ್ವನ್ ಕೈಗೆ ಬಂದರೂ, ಮೊದಲ ಮಹಾಯುದ್ಧದಿಂದಾಗಿ ಕೆಲಸ ಜೋರಾಗಿ ಶುರುವಾಗಿದ್ದು 1917ರ ಕೊನೆಗೆ. ಐದು ವರ್ಷ ಟನ್‌ಗಟ್ಟಲೆ ಕಲ್ಲುಮಣ್ಣು ಎತ್ತಿ ಹಾಕಿದರೂ ಸಿಕ್ಕಿದ್ದು ಅಲ್ಪ. 1922ರ ಬೇಸಿಗೆಯಲ್ಲಿ ಕಾರ್ನಾರ್ವನ್ ಸಾಕು ಎಂದ. ಇನ್ನೊಂದು ಸಲ ನನ್ನ ಖರ್ಚಲ್ಲೇ ನೋಡುತ್ತೇನೆ ಎಂದು ಕಾರ್ಟರ್ ಹೇಳಿದಾಗ ಮನಸ್ಸು ಕರಗಿ ತಾನೇ ದುಡ್ಡು ಕೊಡಲು ಒಪ್ಪಿದ. ನವೆಂಬರ್ 4ರಂದು ಮೊದಲ ಮೆಟ್ಟಿಲು ಕಂಡಿತು. ಆರನೇ ರಾಮ್ಸೆಸ್‌ನ ಸಮಾಧಿ ಕೊರೆದ ಕೆಲಸಗಾರರ ಗುಡಿಸಲುಗಳ ಅಡಿಯಲ್ಲಿ ಅದು ಹೂತುಹೋಗಿತ್ತು. ಆ ಗುಡಿಸಲು, ಕಲ್ಲುಚೂರುಗಳೇ ಕಳ್ಳರಿಂದ ಅದನ್ನು ಕಾಪಾಡಿದ್ದವು. ಕಾರ್ಟರ್ ಮೆಟ್ಟಿಲುಗಳನ್ನು ಮತ್ತೆ ಮಣ್ಣಿನಿಂದ ಮುಚ್ಚಿ, ಟೆಲಿಗ್ರಾಂ ಕೊಟ್ಟು, ಕಾರ್ನಾರ್ವನ್ ಮತ್ತು ಮಗಳು ಎವಲಿನ್ ಬರುವವರೆಗೆ ಕಾದ. ಎಂಥ ಸಂಯಮ!

ಆ ಸಂಯಮ ಕೊನೆವರೆಗೆ ಉಳಿಯಲಿಲ್ಲ. ಅಧಿಕೃತವಾಗಿ ತೆರೆಯುವ ಮೊದಲೇ ಮೂವರೂ ಗೋಡೆಯ ಕಿಂಡಿಯಲ್ಲಿ ತೂರಿ ಶವದ ಕೋಣೆ ನೋಡಿಬಂದು, ಕಿಂಡಿಗೆ ಬುಟ್ಟಿ ಮರೆಮಾಡಿದ್ದರು. ತಂಡದಲ್ಲಿದ್ದ ರಸಾಯನ ತಜ್ಞ ಆಲ್ಫ್ರೆಡ್ ಲೂಕಾಸ್ ಎಷ್ಟೋ ವರ್ಷಗಳ ಮೇಲೆ ಇದನ್ನು ಬರೆದ. ಅವರ ಕುತೂಹಲ ನನಗೆ ಅರ್ಥವಾಗುತ್ತದೆ. ಆದರೂ ಅದು ತಪ್ಪೇ.

ಇನ್ನು ಕಾಗದದ ಮಾತು. 1915ರ ಪರವಾನಗಿಯ ಪ್ರಕಾರ, ಕಳ್ಳರು ಮುಟ್ಟದ ಸಮಾಧಿ ಸಿಕ್ಕರೆ ಎಲ್ಲವೂ ಈಜಿಪ್ಟಿಗೆ. ಮೊದಲೇ ಕಳ್ಳರು ಹೊಕ್ಕಿದ್ದರೆ ಪಾಲು ಉಂಟು. ಟುಟಾಂಖಾಮುನ್ ಸಮಾಧಿಗೆ ಹಿಂದೆ ಕಳ್ಳರು ನುಗ್ಗಿದ್ದರು, ಆದರೆ ಒಯ್ದದ್ದು ಕಡಿಮೆ. ಹಾಗಾದರೆ ಪಾಲು ಕೊಡಬೇಕಾ, ಬೇಡವಾ? ಜಗಳ ಇಲ್ಲೇ. ಅದೇ 1922ರಲ್ಲಿ ಬ್ರಿಟನ್ ಈಜಿಪ್ಟನ್ನು ಸ್ವತಂತ್ರವೆಂದು ಸಾರಿತ್ತು. ಸುದ್ದಿಯ ಹಕ್ಕನ್ನು ಕಾರ್ನಾರ್ವನ್ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ 5,000 ಪೌಂಡ್ ಮತ್ತು ಲಾಭದ ಪಾಲಿಗೆ ಮಾರಿದ. ತಮ್ಮ ರಾಜನ ಸುದ್ದಿಯನ್ನು ಈಜಿಪ್ಟಿನ ಪತ್ರಕರ್ತರು ಲಂಡನ್ನಿಂದ ಪಡೆಯಬೇಕಾಯಿತು. ಅವರ ಸಿಟ್ಟು ನ್ಯಾಯವಾದದ್ದೇ ಅಲ್ವಾ?

ಜಗಳ ಮುಗಿಯುವ ಮುನ್ನವೇ ಕಾರ್ನಾರ್ವನ್ ತೀರಿಕೊಂಡ. ಸೊಳ್ಳೆ ಕಚ್ಚಿದ ಜಾಗ ಕ್ಷೌರ ಮಾಡುವಾಗ ಕೊಯ್ದು, ರಕ್ತ ನಂಜಾಗಿ, ನ್ಯುಮೋನಿಯಾ ಸೇರಿ, 1923ರ ಏಪ್ರಿಲ್ 5ರಂದು ಕೈರೋದಲ್ಲಿ. ಸಮಾಧಿ ತೆರೆದವರಿಗೆ ರಾಜನ ಶಾಪ ತಟ್ಟುತ್ತದೆ ಎಂಬ ಕಥೆ ಹಬ್ಬಿತು. ಆದರೆ ಜೊತೆಯಲ್ಲೇ ಒಳಹೊಕ್ಕ ಎವಲಿನ್ 1980ರವರೆಗೆ ಬದುಕಿದ್ದಳು.

ಆಲ್ಮಿನಾ ಕೊನೆಗೆ ಪಾಲು ಬಿಟ್ಟುಕೊಟ್ಟಳು. ಖರ್ಚಿನ ಬಾಬ್ತು ಈಜಿಪ್ಟ್ ಸರ್ಕಾರ 1930ರಲ್ಲಿ ಸುಮಾರು 36,000 ಪೌಂಡ್ ಕೊಟ್ಟಿತು. ಸಮಾಧಿಯ 5,000ಕ್ಕೂ ಹೆಚ್ಚು ವಸ್ತುಗಳು ಈಜಿಪ್ಟಿನಲ್ಲೇ ಉಳಿದವು. ಕಾರ್ನಾರ್ವನ್‌ನ ಹಳೆಯ ಸಂಗ್ರಹವನ್ನು 1926ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಕೊಂಡಿತು, ಅದು ಈಗಲೂ ಅಲ್ಲೇ ಇದೆ. ಅದೇ ಮ್ಯೂಸಿಯಂ ತನ್ನಲ್ಲಿದ್ದ 19 ಸಣ್ಣ ವಸ್ತುಗಳು ಟುಟಾಂಖಾಮುನ್ ಸಮಾಧಿಯವೇ ಎಂದು ಗುರುತಿಸಿ, ಅವುಗಳನ್ನು ಈಜಿಪ್ಟಿಗೆ ಮರಳಿಸಲು 2010ರಲ್ಲಿ ಒಪ್ಪಿತು.